ಬೀಜವಿಲ್ಲದ ಗಾಳಿ

ಅತ್ತೆಯನ್ನು ಎಡಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ಒದ್ದೆ ಬಟ್ಟೆ ಆಡಿಸಿ, ಒಣ ಬಟ್ಟೆಯಿಂದ ಮೆಲ್ಲಗೆ ಒತ್ತಿ, ಪೌಡರಿನ ಡಬ್ಬಿಯನ್ನು ಅಂಗೈ ಮೇಲೆ ಕೊಡವಿದವಳು ಹಾಗೆಯೇ ನಿಂತುಬಿಟ್ಟಳು. ದಿನಾ ಬೆಳಿಗ್ಗೆ ಮಾಡುವ ಕೆಲಸ, ಮನಸ್ಸನ್ನು ಕೇಳದೆ ಕೈಯೇ ಮಾಡಿ ಮುಗಿಸುವಂಥದ್ದು. ಇವತ್ತು ಮಾತ್ರ ಪರದೆಯ ಸಂದಿನಿಂದ ಓರೆಯಾಗಿ ಬಂದ ಬಿಸಿಲಿನ ಪಟ್ಟಿಯೊಳಗೆ ಪೌಡರು ಕೆಳಗೆ ಬೀಳದೆ ಮೇಲಕ್ಕೆ ಏಳುತ್ತಿರುವುದು ಕಣ್ಣಿಗೆ ಬಿತ್ತು. ಬೆನ್ನಿಗೆ ಹತ್ತಿದ್ದು ಸ್ವಲ್ಪ, ಗಾಳಿಗೆ ಹೋದದ್ದೇ ಹೆಚ್ಚು. ಮಂಚದ ಸರಳಿನ ಮೇಲೆ, ನೀರಿನ ಲೋಟದ ಮುಚ್ಚಳದ ಮೇಲೆ, ಅವಳದೇ ಮೊಣಕೈ ಮೇಲೆ, ಯಾವ ಆತುರವೂ ಇಲ್ಲದೆ ಹೋಗಿ ಹೋಗಿ ಕೂರುತ್ತಿತ್ತು. ಬಾಗಿಲ ಹಿಂದಿನ ಗೂಟಕ್ಕೆ ಅವಳ ಲ್ಯಾಬಿನ ಬಿಳಿ ಕೋಟು ನೇತುಬಿದ್ದಿತ್ತು. ಬಿಸಿಲಿನ ಪಟ್ಟಿ ಕೋಟಿನ ಒಂದು ತೋಳನ್ನು ಮುಟ್ಟಿ ಅಲ್ಲಿಗೆ ಮುಗಿಯುತ್ತಿತ್ತು. ಬಿಳಿಯ ಮೇಲೆ ಬಿಳಿ ಬಿದ್ದರೆ ಯಾರಿಗೆ ಕಾಣಬೇಕು.

“ಲೈನ್ ಎಂಗೇಜಾ?” ಅಂದರು ಅತ್ತೆ, ಗೋಡೆಯ ಕಡೆ ಮುಖ ಮಾಡಿಕೊಂಡೇ.

ಅತ್ತೆ ಇಡೀ ಜೀವಮಾನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತನ್ನು ಮಾತಿಗೆ ಜೋಡಿಸಿದವರು. ಪಾರ್ಶ್ವವಾಯು ಬಾಯಿಯ ಒಂದು ಬದಿಯನ್ನು ಕಿತ್ತುಕೊಂಡಿತ್ತು, ಉಳಿದ ಬದಿಯನ್ನು ಅವರು ಜಿಪುಣರು ಚಿಲ್ಲರೆ ಬಿಚ್ಚುವ ಹಾಗೆ ಬಿಚ್ಚುತ್ತಿದ್ದರು. ಇಲ್ಲ ಅತ್ತೆ, ಇಲ್ಲೇ ಇದೀನಿ, ಅಂದಳು. ಅಂದವಳು ಡಬ್ಬಿಯನ್ನು ತಿರುಗಿಸಿ, ಕನ್ನಡಕವನ್ನು ಹಣೆಗೇರಿಸಿ, ಅದರ ಬೆನ್ನಿನಲ್ಲಿದ್ದ ಇರುವೆಯಂಥ ಅಕ್ಷರಗಳನ್ನು ಓದಿದಳು. ಟಾಲ್ಕ್. ಅದು ಅವಳಿಗೆ ಗೊತ್ತಿರಲಿಲ್ಲವೇ. ಗೊತ್ತಿತ್ತು. ಟಾಲ್ಕ್ ಎಂದರೆ ಮೆಗ್ನೀಷಿಯಂ, ಸಿಲಿಕಾನ್, ಆಮ್ಲಜನಕ, ಒಂದಿಷ್ಟು ನೀರು. ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಎದ್ದುಬರುವ ಮೆದುಕಲ್ಲು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ಆದರೆ ಲ್ಯಾಬಿನಲ್ಲಿ ಗೊತ್ತಿರುವುದು ಮನೆಯಲ್ಲಿ ಗೊತ್ತಿರಲೇಬೇಕೆಂದೇನಿದೆ. ಒಂದೇ ತಲೆಯ ಎರಡು ಕೋಣೆಗಳ ನಡುವಿನ ಬಾಗಿಲನ್ನು ಅವಳೇ ಹಾಕಿಕೊಂಡಿದ್ದಳು, ಇಲ್ಲದಿದ್ದರೆ ಅಲ್ಲಿ ಇದು ನೆನಪಾಗಿ ಇಲ್ಲಿ ಅದು ನೆನಪಾಗಿ ಎರಡೂ ಕೆಡುತ್ತವೆಂದು. ನಿನ್ನೆ ಸಂಜೆ ಭೂತಗನ್ನಡಿ ಆ ಬಾಗಿಲಿಗೆ ಬೆರಳ ತುದಿಯಿಂದ ತಟ್ಟಿದ್ದ.

ಭೂತಗನ್ನಡಿ ಎಂದರೆ ಲ್ಯಾಬಿನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಂದೆ ಕೂರುವವನು; ಯಾವುದನ್ನೂ ಅದರಷ್ಟಕ್ಕೆ ಬಿಡದವನೆಂದು ಎಲ್ಲರೂ ಸೇರಿ ಇಟ್ಟ ಹೆಸರು. ಲ್ಯಾಬಿನಲ್ಲಿ ಅವಳು ಬೆಳೆಸಿದ ಧೂಳುಕಣಗಳ ಹೊಸ ಚಿತ್ರಗಳನ್ನು ಪರದೆಯ ಮೇಲೆ ಸರಿಸುತ್ತ, ನಿಮ್ಮ ಕೂಸುಗಳೆಲ್ಲ ಹೊಟ್ಟೆಯಲ್ಲಿ ಒಂದೊಂದು ಎಲೆ ಇಟ್ಕೊಂಡೇ ಹುಟ್ಟಿವೆಯಲ್ಲ, ಏನಿದು, ಎಂದು ತಮಾಷೆಯಾಗಿ ಕೇಳಿದ್ದ. ದುಂಡನೆಯ ಕಣದ ನಡುವೆ ತೆಳ್ಳಗೆ, ಚಪ್ಪಟೆಯಾಗಿ, ಅಂಚು ನೆಟ್ಟಗೆ ಮುರಿದ ಒಂದು ಚೂರು. ಒಂದರಲ್ಲಲ್ಲ, ನೋಡಿದ ಎಲ್ಲದರಲ್ಲೂ. ಹರಳುಗಟ್ಟುವಾಗ ಹಾಗಾಗುತ್ತೇನೋ ಎಂದು ಅವಳು ಗಂಟಲಲ್ಲೇ ಅಂದು ಚೀಲ ಹೆಗಲಿಗೇರಿಸಿದ್ದಳು. ಆಗಲೇ ಏನೋ ಒಂದು ತಲೆಯಲ್ಲಿ ಸುಳಿದಿತ್ತು. ಯಾವುದೆಂದು ನೋಡಲು ಹೋಗಲಿಲ್ಲ, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನವನ್ನು ರುಚಿ ನೋಡದೆಯೇ ಮುಂದಕ್ಕೆ ತಳ್ಳುವ ಹಾಗೆ.

ಅತ್ತೆಯ ರವಿಕೆಯ ಗುಂಡಿ ಹಾಕಿ, ದಿಂಬು ಸರಿಮಾಡಿ, ನೋಡಿಕೊಳ್ಳಲು ಬರುವ ಪಕ್ಕದ ಮನೆಯಾಕೆಗೆ ಬೀಗದ ಕೈ ಕೊಟ್ಟು, ಕೋಟನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಅವಳು ಬಸ್ಸಿಗೆ ನಿಂತಳು. ಕೋಟನ್ನು ಮನೆಗೆ ತರಬಾರದೆಂಬುದು ಲ್ಯಾಬಿನ ನಿಯಮ. ಅಲ್ಲಿಯ ಅಗಸ ಗುಂಡಿ ಮುರಿದು, ಕಾಲರಿಗೆ ಯಾರದೋ ಶಾಯಿ ಹತ್ತಿಸಿ ಕಳಿಸುತ್ತಾನೆಂದು ಅವಳೊಬ್ಬಳೇ ತರುತ್ತಿದ್ದಳು. ಒಗೆದು, ಇಸ್ತ್ರಿ ಮಾಡಿ, ಮನೆಯಲ್ಲಿ ಬೇರೆ ಗೂಟವಿಲ್ಲವೆಂದು ಅತ್ತೆಯ ಕೋಣೆಯಲ್ಲಿ ತೂಗುಹಾಕುತ್ತಿದ್ದಳು. ಅಚ್ಚುಕಟ್ಟು ಅವಳ ಒಂದೇ ಒಂದು ಜಂಬ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಾಗ ಅದರೊಳಗೆ ಏನೋ ಉಸಿರಾಡುವಂಥದ್ದು ಇದೆಯೆನ್ನಿಸಿ ಜಿಪ್ಪನ್ನು ಕೊನೆಯ ಹಲ್ಲಿನ ತನಕ ಎಳೆದಳು. ಪಕ್ಕದ ಸೀಟಿನವರು ಕೆಮ್ಮಿದರು. ಅವಳು ಕ್ಷಮಿಸಿ ಅಂದಳು. ಅವರಿಗೆ ಯಾಕೆಂದು ಗೊತ್ತಾಗಲಿಲ್ಲ.

ಆ ಲ್ಯಾಬಿನಲ್ಲಿ ಅವರು ಮಾಡಹೊರಟಿದ್ದನ್ನು ಒಮ್ಮೆ ಅತ್ತೆಗೆ ವಿವರಿಸಿದ್ದಳು. ನಕ್ಷತ್ರಗಳಿಗೂ ವಯಸ್ಸಾಗುತ್ತದೆ ಅತ್ತೆ, ಮುದಿಯಾದವು ಊದಿಕೊಂಡು, ಕೆಂಪಗಾಗಿ, ತಣ್ಣಗಾಗುತ್ತ ಬರುತ್ತವೆ. ಏದುಸಿರು ಬಿಟ್ಟ ಹಾಗೆ ಅವುಗಳ ಮೈ ಏರಿ ಇಳಿಯುತ್ತದೆ. ಏರಿದಾಗ ಮೇಲಕ್ಕೆ ಚಿಮ್ಮಿದ ಅನಿಲ ತಂಪಾಗಿ ಅದರಲ್ಲಿ ಧೂಳು ಹೆಪ್ಪುಗಟ್ಟುತ್ತದೆ. ಆ ಧೂಳನ್ನು ನಕ್ಷತ್ರದ ಬೆಳಕು ಆಚೆಗೆ ನೂಕುತ್ತದೆ, ಧೂಳು ತಾನು ಹೋಗುತ್ತ ಅನಿಲವನ್ನೂ ಕೈಹಿಡಿದು ಎಳೆದೊಯ್ಯುತ್ತದೆ, ಅದೇ ಗಾಳಿ. ಧೂಳು ನಕ್ಷತ್ರದ ಹತ್ತಿರ ಇರಬೇಕು, ಆದರೆ ಬೆಳಕನ್ನು ಕುಡಿಯಬಾರದು. ಕುಡಿದರೆ ಕಾದು ಮತ್ತೆ ಆವಿಯಾಗುತ್ತದೆ. ಅದಕ್ಕೇ ಅಲ್ಲಿ ನಿಲ್ಲುವ ಕಣ ಕಬ್ಬಿಣವಿಲ್ಲದ್ದು, ಗಾಜಿನಂತೆ ತಿಳಿಯಾದದ್ದು. ಬೆಳಕನ್ನು ಹೀರಿಕೊಳ್ಳದೆ ಪಕ್ಕಕ್ಕೆ ತಿರುಗಿಸುವಷ್ಟು ದೊಡ್ಡದಾಗಿ ಬೆಳೆದರೆ ಸಾಕು, ಗಾಳಿ ಎದ್ದಿತು. ಬೆಳೆಯುವುದು ಕಷ್ಟವಲ್ಲ, ಹುಟ್ಟುವುದು ಕಷ್ಟ. ಇಲ್ಲಿ ಆವಿ ತಣಿದರೆ ಮುಚ್ಚಳಕ್ಕೆ ಅಂಟುತ್ತದೆ, ಕಿಟಕಿಯ ಗಾಜಿಗೆ ಅಂಟುತ್ತದೆ. ಅಲ್ಲಿ ಮುಚ್ಚಳವಿಲ್ಲ, ಗೋಡೆಯಿಲ್ಲ. ಮೊದಲನೆಯ ಕಣ ಏನನ್ನು ಹಿಡಿದುಕೊಂಡು ಕೂರಬೇಕು. ಅತ್ತೆ ಬಾಯಿಯ ಆ ಒಂದು ಬದಿಯಿಂದ, ಹುಟ್ಟಿಸೋರು ಯಾರಾದ್ರೂ ಬೇಕಲ್ಲ, ಅಂದಿದ್ದರು. ಅವಳು ನಕ್ಕು ಪಾತ್ರೆ ತೊಳೆಯಲು ಹೋಗಿದ್ದಳು.

ಹಂಡೆಯೆಂದು ಅವರೆಲ್ಲ ಕರೆಯುವ ಉಕ್ಕಿನ ದೊಡ್ಡ ಪಾತ್ರೆಯೊಂದು ಲ್ಯಾಬಿನ ನಡುವೆ ನಿಂತಿದೆ. ಅದರ ತಳದ ಕುಲುಮೆಯಲ್ಲಿ ಮೂಸೆಯನ್ನು, ಅದಿರು ಕರಗಿಸುವ ಪುಟ್ಟ ಬಟ್ಟಲನ್ನು, ಇಟ್ಟು ಕಾಯಿಸಿದರೆ ಮೆಗ್ನೀಷಿಯಂ, ಸಿಲಿಕಾನುಗಳ ಆವಿ ಏಳುತ್ತದೆ. ಜಾಲರಿಯಿಂದ ನುಗ್ಗುವ ಆರ್ಗಾನ್ ಅನಿಲದ ತೆಳುಗಾಳಿ ಅದನ್ನು ಮೇಲಕ್ಕೊಯ್ಯುತ್ತದೆ. ದಾರಿಯಲ್ಲಿ ತಂಪಾಗಬೇಕು, ಗಾಳಿಯ ನಡುವೆಯೇ ಕಣ ಕಟ್ಟಬೇಕು. ಒಂದು ಪಕ್ಕದಿಂದ ಹಸಿರು ಲೇಸರನ್ನು ಹಾಯಿಸುತ್ತಾರೆ. ಏನೂ ಇಲ್ಲದಿದ್ದರೆ ಬೆಳಕಿನ ದಾರಿ ಕಾಣುವುದಿಲ್ಲ, ಗಾಜಿನ ಕಿಂಡಿ ಕಪ್ಪಗೇ ಇರುತ್ತದೆ. ಕಣಗಳಿದ್ದರೆ ಕತ್ತಲಲ್ಲಿ ಹಸಿರು ದಾರವೊಂದು ಎಳೆದ ಹಾಗೆ ಮೂಡುತ್ತದೆ. ವರ್ಷಗಟ್ಟಲೆ ಕಿಂಡಿ ಕಪ್ಪಗೇ ಇತ್ತು. ಆವಿಯೆಲ್ಲ ಹಂಡೆಯ ಗೋಡೆಗೆ ಮೆತ್ತಿಕೊಳ್ಳುತ್ತಿತ್ತು, ಮೂಗು ಮುಚ್ಚಿಕೊಂಡು ಕೆರೆದು ತೆಗೆಯುವುದೇ ಕೆಲಸ. ಆಮೇಲೆ, ಅತ್ತೆ ಹಾಸಿಗೆ ಹಿಡಿದ ಹೊಸತರಲ್ಲಿ, ಆ ಒಂದು ದಿನ. ಅವತ್ತು ಬೆಳಿಗ್ಗೆ ಅತ್ತೆ ಬದಲಿಸಿದ ಹಾಸಿಗೆಯನ್ನೇ ಮತ್ತೆ ಒದ್ದೆ ಮಾಡಿದ್ದರು, ಗಂಡ ಬೆಳಗಿನ ಪಾಳಿಗೆ ಹೋಗಿಯಾಗಿತ್ತು, ಬಸ್ಸು ತಪ್ಪುವುದರಲ್ಲಿತ್ತು. ಬಾಯಿಗೆ ಬಂದದ್ದನ್ನು ಅಂದಿದ್ದಳು. ನಾನೇನು ಕಲ್ಲಾ, ಅಂದಿದ್ದಳು. ಡಬ್ಬಿಯನ್ನು ಬಡಿದು ಬಡಿದು ಪೌಡರು ಸುರಿದಿದ್ದಳು, ಕೋಣೆಯೆಲ್ಲ ಮಂಜು ಕವಿದ ಹಾಗಾಗಿ ಅತ್ತೆ ಕೆಮ್ಮಿದ್ದರು, ಕೆಮ್ಮುವುದಕ್ಕೂ ಅಪ್ಪಣೆ ಬೇಕೇನೋ ಎಂಬಂತೆ ತಡೆತಡೆದು. ಅದೇ ಸಿಟ್ಟಿನಲ್ಲಿ ಕೋಟು ಎಳೆದುಕೊಂಡು ಬಂದು, ಕೈಗವಸು ಹಾಕಿ, ಹಂಡೆಯೊಳಗೆ ಹೆಗಲ ತನಕ ತೋಳು ತೂರಿಸಿ ಮೂಸೆ ಇಟ್ಟಿದ್ದಳು. ಮಧ್ಯಾಹ್ನ ಹಸಿರು ದಾರ ಮೂಡಿತು. ಎಷ್ಟು ದಪ್ಪಗಿತ್ತೆಂದರೆ ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು.

ಯಜಮಾನರೆಂದರೆ ಲ್ಯಾಬಿನ ಮುಖ್ಯಸ್ಥರು. ಕೆಟ್ಟವರಲ್ಲ, ನಿವೃತ್ತಿಗೆ ಮುಂಚೆ ಒಂದಾದರೂ ಫಲ ಕಾಣಬೇಕೆಂದು ಹಂಬಲಿಸುತ್ತಿದ್ದವರು. ಎಲ್ಲ ನಿಮ್ಮ ಕೈಗುಣ ಕಣಮ್ಮ, ಅಂದಿದ್ದರು. ಮೊದಲು ಅದು ತಮಾಷೆ. ಮುಂದಿನ ಸಲವೂ ಅವಳು ಮೂಸೆಯಿಟ್ಟಾಗ ದಾರ ಬಂತು, ಅದರ ಮುಂದಿನ ಸಲ ಬೇರೆಯವರು ಇಟ್ಟಾಗ ಬರಲಿಲ್ಲ. ತಮಾಷೆ ಮೆಲ್ಲಗೆ ನಂಬಿಕೆಯಾಯಿತು, ನಂಬಿಕೆ ನಿಯಮವಾಯಿತು. ಹಗಲೆಲ್ಲ ಅಂಕಿಗಳ ಜೊತೆ ಗುದ್ದಾಡುವ ಜನ ಅವಳ ಕೈ ಬಿಟ್ಟು ಬೇರೆಯವರ ಕೈ ಹಂಡೆಯೊಳಗೆ ಹೋಗಲು ಬಿಡಲಿಲ್ಲ. ಅವಳಿಗದು ಹಿತವಾಗಿತ್ತು. ಅದನ್ನು ಈಗ ಬಸ್ಸಿನ ಕಂಬಿಗೆ ಹಣೆಯಾನಿಸಿ ಒಪ್ಪಿಕೊಂಡಳು. ಇಷ್ಟು ವರ್ಷ ಸಭೆಗಳಲ್ಲಿ ಕಾಫಿ ಬಂತೇ ಎಂದು ತನ್ನನ್ನೇ ಕೇಳುತ್ತಿದ್ದವರು ಈಗ ಬಾಗಿಲಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು.

ಬರಲಿಲ್ಲವೆಂದರೆ, ಬರದಿದ್ದುದು ಮರಿಯ ಕೈಯಲ್ಲಿ. ಲ್ಯಾಬಿಗೆಲ್ಲ ಚಿಕ್ಕವಳೆಂದು ಎಲ್ಲರೂ ಮರಿ ಎಂದೇ ಕರೆಯುವ ಹುಡುಗಿ. ಡಾಕ್ಟರೇಟಿಗೆ ಈ ಹಂಡೆಯನ್ನೇ ನಂಬಿಕೊಂಡು ಬಂದವಳು. ಬಂದ ಹೊಸತರಲ್ಲಿ ಹಂಡೆಯ ಸುತ್ತ ಸುತ್ತಿ, ನಕ್ಷತ್ರಕ್ಕಿಲ್ಲದ ಗೋಡೆ ಇದಕ್ಕೆ ಇದೆಯಲ್ಲ ಅಕ್ಕ, ಇದು ಮೋಸ ಅಲ್ವಾ, ಎಂದು ಕೇಳಿದ್ದಳು. ಮರಿ ಮೂಸೆಯಿಟ್ಟಾಗಲೆಲ್ಲ ಕಿಂಡಿ ಕಪ್ಪು. ಒಮ್ಮೆ ಯಜಮಾನರು ಎಲ್ಲರೆದುರು, ಮರೀ, ನೀನು ಅತ್ತ ಕಡೆ ನಿಂತ್ಕೊಳಮ್ಮ, ನಿನ್ನ ನೆರಳು ಬಿದ್ರೂ ಇದು ಮುನಿಸ್ಕೊಳ್ಳತ್ತೆ, ಅಂದಿದ್ದರು. ಎಲ್ಲರೂ ನಕ್ಕರು. ಅವಳೂ ನಕ್ಕಿದ್ದಳು, ಮರಿಯೂ. ಅವತ್ತಿನಿಂದ ಮರಿ ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಓಡಾಡತೊಡಗಿದಳು, ಅಂಗಡಿಯ ಗಾಜಿನ ಸಾಮಾನು ಮುಟ್ಟಬೇಡವೆಂದು ಅನ್ನಿಸಿಕೊಂಡ ಮಗುವಿನಂತೆ. ಇವತ್ತು ಹೊರಗಿನಿಂದ ಇಬ್ಬರು ಪರೀಕ್ಷಕರು ಬರುತ್ತಿದ್ದರು. ಅವರೆದುರು ಒಮ್ಮೆ ದಾರ ಮೂಡಿಸಿ ತೋರಿಸಿದರೆ ಹಂಡೆಯ ಕೆಲಸ ಪೂರ್ತಿಯಾಗಿ ಕೈಗುಣದವಳ ಹೆಸರಿಗೆ. ಮರಿಯನ್ನು ಕೆಳಗಿನ ಮಹಡಿಯ ಕಂಪ್ಯೂಟರ್ ಲೆಕ್ಕಕ್ಕೆ ಕಳಿಸುವುದೆಂದು ಯಜಮಾನರು ಆಗಲೇ ತೀರ್ಮಾನಿಸಿದ್ದರು. ಅದಕ್ಕೆ ಮರಿ, ಆಯ್ತು ಸರ್, ಎಂದಷ್ಟೇ ಅಂದಿದ್ದಳಂತೆ.

ತಯಾರಿ ಕೋಣೆಯಲ್ಲಿ ಮರಿ ಮೂಸೆಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಸಾಲಾಗಿ ಇಡುತ್ತಿದ್ದಳು. ಬಸ್ಸಿಳಿದು ಬಂದ ಅವಳು ಚೀಲವನ್ನು ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದಳು. ಮೊಣಕೈ ತನಕ ತೊಳೆದಳು, ಕತ್ತು ತೊಳೆದಳು, ಕಿವಿಯ ಹಿಂದೆ ಒರೆಸಿಕೊಂಡಳು. ಕನ್ನಡಿಯಲ್ಲಿ ಹುಬ್ಬಿನ ಕೂದಲಿಗೆ ಬಿಳಿ ಅಂಟಿದೆಯೇ ನರೆಯೇ ಎಂದು ತಿಳಿಯದೆ ಅದನ್ನೂ ಉಜ್ಜಿದಳು. ಲ್ಯಾಬಿನ ಬೇರೆ ಕೋಟು ಹಾಕಿಕೊಂಡರೆ ಇವತ್ತು ದಾರ ಬರುವುದಿಲ್ಲ. ಒಮ್ಮೊಮ್ಮೆ ಹಾಗಾಗುತ್ತೆ ಸರ್, ಎನ್ನಬಹುದು; ಆಮೇಲೆ ಇನ್ನೊಂದೆರಡು ಸಲ ಬಾರದೆ ಹೋದರೆ ಕೈಗುಣ ತಾನಾಗಿ ಬತ್ತಿಹೋಗುತ್ತದೆ, ಯಾರೂ ಏನೂ ಕೇಳುವುದಿಲ್ಲ. ತನ್ನ ಕೋಟೇ ಹಾಕಿಕೊಂಡರೆ ಬರುತ್ತದೆ. ಮೂರನೆಯದೊಂದು ಇತ್ತು. ನೀರು ತೊಟ್ಟಿಕ್ಕುವ ಕೈಯನ್ನು ಹಾಗೇ ಹಿಡಿದುಕೊಂಡು ಅದನ್ನು ಯೋಚಿಸುವಾಗ ಎದೆಯೊಳಗೆ ಏನೋ ಬೆಚ್ಚಗೆ ಹರಡಿತು. ಇದು ಒಳ್ಳೆಯತನವೇ ಇರಬೇಕು, ಇಷ್ಟು ಬೆಚ್ಚಗಿದೆ ಎಂದರೆ, ಅನ್ನಿಸಿತು.

ಒಳಗೆ ಬಂದು ಚೀಲ ಬಿಚ್ಚಿ ಕೋಟನ್ನು ತೆಗೆದು, ಇವತ್ತು ನೀನೇ ಇಡು, ಇದನ್ನ ಹಾಕ್ಕೋ, ಎಂದು ಮರಿಯ ಮುಂದೆ ಹಿಡಿದಳು. ಮರಿ ಕೈಗಳನ್ನು ಮತ್ತೆ ಜೇಬಿಗಿಳಿಸಿ ನಂಬದವಳಂತೆ ನೋಡಿದಳು. ಯಜಮಾನರು ಬೈದರೆ, ಎಂದು ಕೇಳಿದಳು. ನಾನು ಹೇಳ್ಕೋತೀನಿ, ಅಂದಳು ಅವಳು. ಮಗುವಿಗೆ ಸ್ವೆಟರ್ ತೊಡಿಸುವ ಹಾಗೆ ತೋಳನ್ನು ಅಗಲಿಸಿ ಹಿಡಿದಾಗ ಮರಿ ಜೇಬಿನಿಂದ ಕೈ ತೆಗೆದು ಒಂದು ತೋಳಿಗೆ ತೂರಿಸಿದಳು. ಅವಳ ಮುಖ ಅರಳಿತು. ಕಾಲರನ್ನು ಮೂಗಿಗೊತ್ತಿಕೊಂಡು ಕಣ್ಣು ಮುಚ್ಚಿದಳು.

“ನಿಮ್ಮ ಕೋಟಾ ಅಕ್ಕ? ಹಾಗಾದ್ರೆ ಬರತ್ತೆ ಬಿಡಿ. ಇವತ್ತು ಬಂದೇ ಬರತ್ತೆ.”

ಆ ದನಿ ಕೇಳಿದಾಗ ಅವಳ ಒಳಗೆ ಹರಡಿದ್ದ ಬಿಸುಪು ಒಮ್ಮೆಲೇ ಹುಳಿಯಾಯಿತು. ಗೋಡೆ ಇದ್ದರೆ ಮೋಸವಲ್ಲವೇ ಎಂದು ಕೇಳಿದ್ದ ಹುಡುಗಿ ಈಗ ಕೋಟಿನಲ್ಲಿ ತಾಯಿತದಂಥದ್ದೇನನ್ನೋ ಹುಡುಕುತ್ತಿದ್ದಳು. ಜೀವನ ಪೂರ್ತಿ ಈ ಹುಡುಗಿ ತನ್ನ ಕೈ ನೋಡಿಕೊಂಡು, ಇದರಲ್ಲೇನೋ ಇಲ್ಲ, ಎಂದುಕೊಂಡೇ ಇರುತ್ತಾಳೆ, ದಾರ ಬಂದ ಮೇಲೂ.

“ಬೇಡ. ತೆಗಿ ಅದನ್ನ,” ಅಂದಳು.

ಗಡಸಾಗಿಯೇ ಬಂತು ಮಾತು. ಮರಿ ಒಂದೇ ತೋಳು ತೊಟ್ಟು ಹಾಗೇ ನಿಂತಳು, ಕಣ್ಣಿಗೆ ನೀರು ಬರುವ ಮುಂಚೆ ಮುಖ ಚಿಕ್ಕದಾಗುತ್ತದಲ್ಲ, ಹಾಗೆ ಚಿಕ್ಕದಾಯಿತು. ನನಗೆ ಗೊತ್ತಿತ್ತು ಅಕ್ಕ, ಎಂದು ಕೋಟು ಕಳಚತೊಡಗಿದಳು. ಏನು ಗೊತ್ತಿತ್ತು, ನಿನಗೇನೂ ಗೊತ್ತಿಲ್ಲ, ಎಂದು ಅವಳು ಆ ಕೈಗಳೆರಡನ್ನೂ ಹಿಡಿದುಕೊಂಡಳು. ಹಿಡಿದುಕೊಂಡೇ, ಎಲ್ಲೆಲ್ಲಿಂದಲೋ ಶುರುಮಾಡಿ, ಡಬ್ಬಿ, ಗೂಟ, ಬಿಸಿಲು, ಭೂತಗನ್ನಡಿ ಹೇಳಿದ ಎಲೆ, ಎಲ್ಲವನ್ನೂ ಹೇಳಿದಳು. ನಮ್ಮ ಕಣ ಗಾಳಿಯಲ್ಲಿ ಹುಟ್ಟಿದ್ದಲ್ಲ ಮರೀ, ನಾನು ತೋಳಲ್ಲಿ ತಂದು ಬಿತ್ತಿದ್ದು. ಅದರ ಮೇಲೆ ಆವಿ ಕೂತು ಬೆಳೆದಿದೆ, ಅಷ್ಟೆ. ಹೇಳಿ ಮುಗಿಸಿ, ಹುಡುಗಿ ಬೈಯಲಿ ಎಂದು ಕಾದಳು. ಮರಿ ಮೂಸೆಗಳ ಸಾಲಿನ ಕಡೆ ತಿರುಗಿದಳು.

“ಹಾಗಾದ್ರೆ ನನ್ನವು ಸರಿಯಾಗಿದ್ವಾ?”

“ನಿನ್ನವೇ ಸರಿ. ನಿನ್ನವು ಮಾತ್ರ.”

ಹೊರಗೆ ಪರೀಕ್ಷಕರಿಗೆ ಯಜಮಾನರು ಹಂಡೆಯನ್ನು ತೋರಿಸುತ್ತಿದ್ದರು. ಒಬ್ಬರು ಕೈಕಟ್ಟಿ ನಿಂತ ತೆಳ್ಳನೆಯ ಗಂಡಸು. ಇನ್ನೊಬ್ಬರು ಕಿವಿಗೆ ಯಂತ್ರ ಹಾಕಿಕೊಂಡ ಹಿರಿಯ ಹೆಂಗಸು, ಈ ಮುದಿ ನಕ್ಷತ್ರಗಳ ಹಿಂದೆಯೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಇಗೋ ಬಂದರು ನಮ್ಮ ಕೈಗುಣದವರು, ಎಂದು ಯಜಮಾನರು ನಕ್ಕರು. ನಿಮ್ಮ ಕೋಟೆಲ್ಲಿ ಅಂತಲೂ ಕೇಳಿದರು. ಕಣಗಳ ಬೀಜ ಹೊರಗಿನದು ಸರ್, ನನ್ನಿಂದ ಬಂದದ್ದು, ಎಂದು ಅವಳು ತಗ್ಗಿದ ದನಿಯಲ್ಲಿ ಅಂದಳು. ಹಿರಿಯಾಕೆ ಕಿವಿಯ ಯಂತ್ರವನ್ನು ತಿರುವಿ, ಏನಂದ್ರಿ, ಕೇಳಿಸಲಿಲ್ಲ, ಅಂದರು. ಅವಳು ಮತ್ತೆ ಹೇಳಿದಳು. ಇನ್ನೂ ಸ್ವಲ್ಪ ಗಟ್ಟಿಯಾಗಿ, ಅಂದರು.

“ಪೌಡರು,” ಅಂದಳು ಅವಳು, ಕೆಳಗಿನ ಮಹಡಿಗೂ ಕೇಳುವಷ್ಟು ಗಟ್ಟಿಯಾಗಿ. “ನಮ್ಮತ್ತೆ ಬೆನ್ನಿಗೆ ಹಾಕೋ ಪೌಡರು.”

ಬಾಗಿಲ ಬಳಿ ಯಾರೋ ನಕ್ಕು, ನಗುವನ್ನು ಕೆಮ್ಮಾಗಿ ಬದಲಿಸಿದರು. ಅವಳ ಕಿವಿ ಕಾದ ಕಾವಲಿಯಾಯಿತು. ಯಜಮಾನರು ಕೂಗಾಡಲಿಲ್ಲ. ಕನ್ನಡಕ ತೆಗೆದರು, ಒರೆಸಲಿಲ್ಲ, ಮತ್ತೆ ಹಾಕಿಕೊಂಡರು. ಇದನ್ನ ಅವರು ಹೋದ ಮೇಲೆ ಹೇಳಬಹುದಿತ್ತಲ್ಲಮ್ಮ, ಎಂದು ಅವಳಿಗಷ್ಟೇ ಕೇಳುವಂತೆ ಅಂದರು. ಬೈದಿದ್ದರೆ ಚೆನ್ನಾಗಿತ್ತು. ಅವರ ಕೋಟಿನ ಮೇಲಿನ ಗುಂಡಿ ಸಡಿಲಾಗಿ ಒಂದೇ ಎಳೆಯಲ್ಲಿ ತೂಗುತ್ತಿರುವುದನ್ನು ಅವಳು ನೋಡಿದಳು, ಹೊಲಿದುಕೊಡಬೇಕೆನ್ನಿಸಿತು, ಇನ್ನು ಮೇಲೆ ಹಾಗೆ ಕೇಳುವ ಸಲಿಗೆ ಉಳಿದಿಲ್ಲವೆಂದೂ ಅನ್ನಿಸಿತು. ತೆಳ್ಳನೆಯ ಪರೀಕ್ಷಕರು ವಾಚು ನೋಡಿಕೊಂಡು, ಹಾಗಾದರೆ ಇಲ್ಲಿ ನೋಡುವಂಥದ್ದೇನೂ ಇಲ್ಲ, ಅಂದರು. ಹಿರಿಯಾಕೆ ಮಾತ್ರ ಹಂಡೆಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು.

“ಇಲ್ಲಿಗೇನೋ ನಿಮ್ಮತ್ತೆ ಇದ್ದಾರೆ,” ಅಂದರು. “ಅಲ್ಲಿ ಮೇಲೆ ಯಾರ ಅತ್ತೆ ಇದ್ದಾರಮ್ಮ?”

ಅದು ತಮಾಷೆಯೋ ಪ್ರಶ್ನೆಯೋ ಅವಳಿಗೆ ತಿಳಿಯಲಿಲ್ಲ. ಕೆಲವರು ಮೊದಲ ಬೀಜ ಅಲ್ಯೂಮಿನಿಯಮ್ಮಿನದು ಎನ್ನುತ್ತಾರೆ, ಕೆಲವರು ಟೈಟಾನಿಯಮ್ಮಿನದು ಎನ್ನುತ್ತಾರೆ, ಎರಡೂ ಪಕ್ಷದವರನ್ನು ನಾನು ಬೈದಿದ್ದೇನೆ, ಎಂದು ಆಕೆ ತನ್ನಷ್ಟಕ್ಕೆ ಹೇಳಿಕೊಂಡರು. ಬೀಜವಿದ್ದರೆ ಎಷ್ಟು ಬೇಗ ಬೆಳೆಯುತ್ತದೆಂದು ನೀವು ತೋರಿಸಿದ್ದೀರಿ. ಬೀಜವಿಲ್ಲದಿದ್ದರೆ? ಅದನ್ನು ಯಾರು ನೋಡಿದ್ದಾರೆ ಇಲ್ಲಿ?

ಅವಳು ಉತ್ತರ ಹೇಳಬಹುದಿತ್ತು, ಬಾಯಿ ತೆರೆದೂ ಇದ್ದಳು. ಆದರೆ ಇವತ್ತಿಗೆ ತಾನು ಆಡಬೇಕಾದ ಮಾತು ಮುಗಿದಿದೆ ಎನ್ನಿಸಿ ತುಟಿ ಮುಚ್ಚಿಕೊಂಡಳು. ಮುಚ್ಚಿಕೊಂಡಿರುವುದು ಆಡುವುದಕ್ಕಿಂತ ಕಷ್ಟವಾಗಿತ್ತು.

“ನಾನು ನೋಡಿದೀನಿ,” ಅಂದಳು ಮರಿ. “ಬೇಕಾದ್ರೆ ಈಗ ತೋರಿಸ್ತೀನಿ.”

ಯಜಮಾನರು ಹಂಡೆಯ ಮುಂದಿನಿಂದ ಪಕ್ಕಕ್ಕೆ ಸರಿದರು. ಮರಿ ಕೈ ತೊಳೆದು, ಲ್ಯಾಬಿನಲ್ಲೇ ಒಗೆದ ಬೇರೆ ಕೋಟು ತೊಟ್ಟು ತೋಳು ಮಡಿಸಿ, ಜಾಲರಿಯನ್ನು ಬಿಚ್ಚಿ ಒರೆಸಿ ಕೂರಿಸಿ, ಹಂಡೆಯೊಳಗೆ ಹೆಗಲ ತನಕ ಬಾಗಿ ಮೂಸೆಯನ್ನಿಟ್ಟಳು. ಅವಳು ಮರಿಯಿಂದ ದೂರದಲ್ಲಿ, ಬೆನ್ನನ್ನು ಗೋಡೆಗೆ ಒತ್ತಿ ನಿಂತಳು. ತಾನು ಉಸಿರು ಬಿಟ್ಟರೂ ಏನಾದರೂ ಹಾರಿ ಹೋದೀತೆಂದು ಅಂಗೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡಿದ್ದಳು. ಒಂದು ಮನಸ್ಸು, ಬರಲಿ ದೇವರೇ, ಒಂದು ಎಳೆಯಾದರೂ ಬರಲಿ, ಹುಡುಗಿಯ ಕೈಯಲ್ಲಿ ಬರಲಿ, ಎನ್ನುತ್ತಿತ್ತು. ಇನ್ನೊಂದು, ಬಂದರೆ ನಾನು ಹೇಳಿದ್ದೆಲ್ಲ ಸುಳ್ಳಾಗುತ್ತದೆ, ಎನ್ನುತ್ತಿತ್ತು. ಇಷ್ಟಾದ ಮೇಲೂ ತನಗೆ ತನ್ನ ಮಾತು ನಿಲ್ಲುವುದೇ ಮುಖ್ಯವೇ ಎಂದು ಅವಳಿಗೆ ನಾಚಿಕೆಯಾಯಿತು. ದೀಪ ಆರಿಸಿದರು. ಕುಲುಮೆ ಗುಂಯ್ ಎಂದಿತು. ಆವಿ ಏಳುತ್ತಿದೆಯೆಂದು ಮಾಪಕದ ಮುಳ್ಳು ತೋರಿಸುತ್ತಿತ್ತು, ಲೇಸರು ಹೊತ್ತಿದೆಯೆಂದು ಸಣ್ಣ ದೀಪ ಹೇಳುತ್ತಿತ್ತು. ಕಿಂಡಿ ಕಪ್ಪಗಿತ್ತು. ಹೊತ್ತು ಹೋಯಿತು. ಯಾರೋ ಕಾಲು ಬದಲಿಸಿದರು. ಕಿಂಡಿ ಕಪ್ಪಗೇ ಇತ್ತು, ಕಣ್ಣು ನೋವಾಗುವಷ್ಟು ಕಪ್ಪಗೆ, ಅಲ್ಲಿ ಹಸಿರು ಕಂಡಂತೆ ಕಣ್ಣು ಸುಳ್ಳು ಹೇಳಲು ಶುರುಮಾಡುವಷ್ಟು.

ಮರಿ ಕಿಂಡಿಗೆ ಮುಖವಿಟ್ಟು, ಎರಡು ಅಂಗೈಗಳನ್ನೂ ಗಾಜಿನ ಅಕ್ಕಪಕ್ಕ ಉಕ್ಕಿನ ಮೇಲೆ ಅಗಲವಾಗಿ ಊರಿ ನಿಂತಿದ್ದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಿರುಗದೆಯೇ, ಕಿವಿ ಕೇಳಿಸದವರಿಗೂ ಕೇಳುವಂತೆ ಹೇಳಿದಳು:

“ಏನೂ ಇಲ್ಲ.”